ಇನ್ಸುಲಿನ್ನಿನ ಹಿಡಿತ ಎಷ್ಟು ಬಿಗಿ? ಕಂಪ್ಯೂಟರ್ ಹೇಳುವ ಅಂಕಿಯನ್ನು ಎಷ್ಟು ನಂಬಬೇಕು?

ಈ ಸಲದ ವಿಷಯ ಶುರುವಿನಲ್ಲಿ ಸ್ವಲ್ಪ ಕಠಿಣ ಅನಿಸಬಹುದು. ಆದರೆ ಮನೆಯಲ್ಲಿ ಶುಗರ್ ಇರುವವರು ಒಬ್ಬರಾದರೂ ಇದ್ದರೆ ದಯವಿಟ್ಟು ಕೊನೆಯವರೆಗೆ ಓದಿ.

ಇನ್ಸುಲಿನ್ ತೆಗೆದುಕೊಳ್ಳುವ ಮೂವರನ್ನು ಕೇಳಿ ನೋಡಿ. ಒಬ್ಬರು "ಊಟಕ್ಕೆ ಅರ್ಧ ಗಂಟೆ ಮೊದಲು ಚುಚ್ಚಿಕೊಳ್ಳುತ್ತೇನೆ" ಅನ್ನುತ್ತಾರೆ. ಇನ್ನೊಬ್ಬರು "ಊಟಕ್ಕೆ ಕೂರುವ ಹೊತ್ತಿಗೆ ತೆಗೆದುಕೊಂಡರೆ ಸಾಕು ಅಂದಿದ್ದಾರೆ ಡಾಕ್ಟರು" ಅನ್ನುತ್ತಾರೆ. ಮೂರನೆಯವರು ರಾತ್ರಿ ಒಂದೇ ಸಲ ತೆಗೆದುಕೊಂಡು ಮಲಗುತ್ತಾರೆ. ಮೂರೂ ಇನ್ಸುಲಿನ್ನೇ. ಮತ್ತೆ ಈ ವ್ಯತ್ಯಾಸ ಯಾಕೆ?

ಕಾರಣ ಇಷ್ಟೇ: ಈ ಮೂರರಲ್ಲಿ ಇನ್ಸುಲಿನ್ ಅಣುಗಳು ಒಂದನ್ನೊಂದು ಹಿಡಿದುಕೊಳ್ಳುವ ಬಿಗಿ ಬೇರೆ ಬೇರೆ.

ಪ್ರೋಟೀನುಗಳು ಪರಸ್ಪರ ಎಷ್ಟು ಬಿಗಿಯಾಗಿ ಅಂಟುತ್ತವೆ ಎಂಬುದನ್ನು ಕಂಪ್ಯೂಟರಿನಲ್ಲೇ ಮೊದಲು ಲೆಕ್ಕ ಹಾಕುವುದು ಇಂದು ಔಷಧ ಸಂಶೋಧನೆಯ ದೊಡ್ಡ ಕೆಲಸ. ಅದರ ನೆರಳಿನಲ್ಲೇ ನಮ್ಮ ಫೋನಿಗೆ ಇನ್ನೊಂದು ಬಗೆಯ ಸಂದೇಶವೂ ಬರುತ್ತಿದೆ: "ಕಂಪ್ಯೂಟರ್ ಸಾಬೀತು ಮಾಡಿದೆ, ಈ ಸೊಪ್ಪಿನ ಅಂಶ ಇನ್ಸುಲಿನ್ ರಿಸೆಪ್ಟರಿಗೆ ಅಂಟುತ್ತದೆ, ಇನ್ನು ಇಂಜೆಕ್ಷನ್ ಬೇಡ." ಇದನ್ನು ನಂಬಿ ಇನ್ಸುಲಿನ್ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಆದ್ದರಿಂದ ಈ "ಅಂಟುವಿಕೆ" ಅಂದರೆ ಏನು, ಕಂಪ್ಯೂಟರ್ ಅದನ್ನು ಎಷ್ಟರ ಮಟ್ಟಿಗೆ ಹೇಳಬಲ್ಲದು ಎಂದು ನಿಧಾನವಾಗಿ ನೋಡೋಣ.

*1. ಸೀಸೆಯೊಳಗೆ ಏನಾಗುತ್ತಿದೆ?*

ಇನ್ಸುಲಿನ್ ಒಂದು ಪುಟ್ಟ ಪ್ರೋಟೀನ್. 21 ಮತ್ತು 30 ಅಮೈನೋ ಆಮ್ಲಗಳ ಎರಡು ಸರಪಳಿಗಳು ಸೇರಿ ಒಟ್ಟು 51. ಈ ಕ್ರಮವನ್ನು ಕಂಡುಹಿಡಿದದ್ದಕ್ಕೆ ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್ ಅವರಿಗೆ 1958ರಲ್ಲಿ ನೊಬೆಲ್ ಬಂತು. ಆ ಸರಪಳಿಗಳು ಹೇಗೆ ಮಡಚಿಕೊಂಡು ಕುಳಿತಿವೆ ಎಂಬ ಆಕಾರವನ್ನು 1969ರಲ್ಲಿ ಆಕ್ಸ್‌ಫರ್ಡಿನ ಡೊರೊಥಿ ಹಾಡ್ಜ್‌ಕಿನ್ ಅವರ ತಂಡ ಬಿಡಿಸಿತು. ಆ ತಂಡದಲ್ಲಿ ನಮ್ಮ ದೇಶದ ಎಂ. ವಿಜಯನ್ ಅವರೂ ಇದ್ದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಪ್ರೋಟೀನ್ ರಚನೆಯ ಅಧ್ಯಯನವನ್ನು ಬೆಳೆಸಿದವರು ಅವರೇ.

ಆಕಾರ ಗೊತ್ತಾದಾಗ ಒಂದು ವಿಷಯ ಸ್ಪಷ್ಟವಾಯಿತು. ಇನ್ಸುಲಿನ್ ಅಣುಗಳು ಒಂಟಿಯಾಗಿ ಇರುವುದಕ್ಕಿಂತ ಜೊತೆಗೂಡಿ ಇರಲು ಇಷ್ಟಪಡುತ್ತವೆ. ಮೊದಲು ಎರಡೆರಡು ಜೋಡಿಯಾಗುತ್ತವೆ. ಸತುವಿನ ಸಹಾಯದಿಂದ ಅಂಥ ಮೂರು ಜೋಡಿ ಸೇರಿ ಆರರ ಗುಂಪಾಗುತ್ತದೆ. ಸಾಮಾನ್ಯ ಇನ್ಸುಲಿನ್ ಸೀಸೆಯಲ್ಲಿ ಹೆಚ್ಚಿನವು ಇರುವುದು ಈ ಆರರ ಗುಂಪಿನಲ್ಲೇ.

ಚುಚ್ಚಿದ ಮೇಲೆ ಚರ್ಮದ ಕೆಳಗೆ ಆ ಗುಂಪು ಬಿಡಿಸಿಕೊಳ್ಳಬೇಕು. ಬಿಡಿ ಅಣುಗಳಾದ ಮೇಲೇ ಅವು ರಕ್ತಕ್ಕೆ ಸಲೀಸಾಗಿ ಸೇರುವುದು, ಜೀವಕೋಶದ ಮೇಲಿರುವ ರಿಸೆಪ್ಟರಿಗೆ ಅಂಟುವುದು. *ಆ ಅರ್ಧ ಗಂಟೆ ಕಾಯುವುದು ಈ ಬಿಡಿಸಿಕೊಳ್ಳುವಿಕೆಗಾಗಿ.*

ಈ ಜೋಡಿಯ ಹಿಡಿತವನ್ನು ಸಡಿಲ ಮಾಡಿದರೆ? ಅದನ್ನೇ ಮಾಡಿದರು. ಎರಡನೇ ಸರಪಳಿಯ 28 ಮತ್ತು 29ನೇ ಜಾಗದ ಎರಡು ಅಮೈನೋ ಆಮ್ಲಗಳನ್ನು ಅದಲುಬದಲು ಮಾಡಿದರು, ಅಷ್ಟೇ. ಜೋಡಿಯಾಗುವ ಒಲವು ನೂರಾರು ಪಟ್ಟು ಕಡಿಮೆಯಾಯಿತು. ಅದೇ 1996ರಲ್ಲಿ ಬಂದ ಲಿಸ್ಪ್ರೋ ಇನ್ಸುಲಿನ್. ನಂತರ ಬಂದ ಆಸ್ಪಾರ್ಟ್ ಇನ್ಸುಲಿನ್ನಿನಲ್ಲಿ 28ನೇ ಜಾಗದಲ್ಲಿ ಋಣ ವಿದ್ಯುದಂಶ ಇರುವ ಅಮೈನೋ ಆಮ್ಲ ಇಟ್ಟರು. ಅಕ್ಕಪಕ್ಕದವು ಒಂದನ್ನೊಂದು ದೂರ ತಳ್ಳುತ್ತವೆ, ಗುಂಪು ಬೇಗ ಒಡೆಯುತ್ತದೆ. ಇವು ಊಟದ ಹೊತ್ತಿಗೆ ತೆಗೆದುಕೊಳ್ಳುವ ಬಗೆ.

ದಿನಕ್ಕೊಮ್ಮೆಯ ಗ್ಲಾರ್ಜಿನ್ ಇದಕ್ಕೆ ಉಲ್ಟಾ. ಸೀಸೆಯೊಳಗಿನ ಆಮ್ಲೀಯ ದ್ರವದಲ್ಲಿ ಅದು ಕರಗಿರುತ್ತದೆ. ಚರ್ಮದ ಕೆಳಗೆ ಹೋದಾಗ ಆಮ್ಲೀಯತೆ ಹೋಗಿ ಸಣ್ಣ ಸಣ್ಣ ಗಸಿಯಾಗಿ ಅಂಟಿ ಕೂರುತ್ತದೆ, ಸುಮಾರು ಇಡೀ ದಿನ ನಿಧಾನವಾಗಿ ಕರಗುತ್ತಾ ಇರುತ್ತದೆ.

ನೋಡಿ, ಹಿಡಿತ ಸಡಿಲಿಸಿದರೆ ಒಂದು ಔಷಧಿ, ಬಿಗಿಗೊಳಿಸಿದರೆ ಇನ್ನೊಂದು.

*2. ಹಿಡಿತವನ್ನು ಅಳೆಯುವುದು ಹೇಗೆ?*

ಮದುವೆ ಹಾಲನ್ನು ನೆನಪಿಸಿಕೊಳ್ಳಿ. ಬೇಸಿಗೆಯಲ್ಲಿ ಫ್ಯಾನಿನ ಕೆಳಗಿನ ಕುರ್ಚಿಗಳು ಹತ್ತಿಪ್ಪತ್ತು ಜನ ಬಂದಾಗಲೇ ಅರ್ಧ ತುಂಬುತ್ತವೆ. ಮೂಲೆಯಲ್ಲಿ ಗಾಳಿ ಬಾರದ ಕುರ್ಚಿಗಳು ಅರ್ಧ ತುಂಬಬೇಕಾದರೆ ಹಾಲಿನಲ್ಲಿ ಮುನ್ನೂರು ಜನ ಇರಬೇಕು. ಕುರ್ಚಿಗಳು ಅರ್ಧ ತುಂಬಲು ಎಷ್ಟು ಜನ ಬೇಕು ಎಂಬ ಲೆಕ್ಕವೇ ಆ ಕುರ್ಚಿಯ "ಸೆಳೆತ". ಜನ ಏಳುತ್ತಾರೆ, ಮತ್ತೊಬ್ಬರು ಕೂರುತ್ತಾರೆ, ಆದರೂ ಒಟ್ಟಾರೆ ಅರ್ಧ ತುಂಬಿರುತ್ತದೆ.

ಪ್ರೋಟೀನುಗಳಲ್ಲೂ ಹೀಗೇ. ರಿಸೆಪ್ಟರುಗಳಲ್ಲಿ ಅರ್ಧದಷ್ಟು ತುಂಬಲು ಎಷ್ಟು ಸಾಂದ್ರತೆ ಬೇಕೋ ಆ ಅಂಕಿಯನ್ನು ವಿಜ್ಞಾನಿಗಳು ಕೆ-ಡಿ ಎನ್ನುತ್ತಾರೆ. *ಅಂಕಿ ಚಿಕ್ಕದಾದಷ್ಟೂ ಹಿಡಿತ ಬಿಗಿ.*

ಇದನ್ನು ಸಾಮಾನ್ಯವಾಗಿ ನ್ಯಾನೋಮೋಲಾರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ನ್ಯಾನೋಮೋಲಾರ್ ಇನ್ಸುಲಿನ್ ಅಂದರೆ ಒಲಿಂಪಿಕ್ ಅಳತೆಯ ಈಜುಕೊಳದ ನೀರಿನಲ್ಲಿ ಸುಮಾರು 15 ಗ್ರಾಂ ಕರಗಿಸಿದಷ್ಟು. ಇನ್ಸುಲಿನ್ ತನ್ನ ರಿಸೆಪ್ಟರನ್ನು ಅರ್ಧ ತುಂಬಲು ಅದಕ್ಕಿಂತಲೂ ಕಡಿಮೆ ಸಾಕು. ಅಷ್ಟು ಬಿಗಿ ಆ ಹಿಡಿತ.

ಪ್ರಯೋಗಾಲಯದಲ್ಲಿ ಅಳೆಯುವ ಒಂದು ವಿಧಾನ ಹೀಗಿದೆ. ಚಿನ್ನದ ತೆಳು ಪದರದ ಚಿಪ್ಪಿನ ಮೇಲೆ ಒಂದು ಪ್ರೋಟೀನನ್ನು ಅಂಟಿಸುತ್ತಾರೆ. ಇನ್ನೊಂದನ್ನು ಅದರ ಮೇಲೆ ಹರಿಸುತ್ತಾರೆ. ಎಷ್ಟು ಬೇಗ ಅಂಟಿತು, ಎಷ್ಟು ಬೇಗ ಬಿಟ್ಟಿತು ಎಂದು ಬೆಳಕಿನ ಬದಲಾವಣೆಯಿಂದ ತಿಳಿಯುತ್ತಾರೆ. ಆದರೆ ಪ್ರತಿ ಬದಲಾವಣೆಗೂ ಪ್ರೋಟೀನನ್ನು ಹೊಸದಾಗಿ ತಯಾರಿಸಿ, ಶುದ್ಧಮಾಡಿ, ಅಳೆಯಬೇಕು. ಸಮಯವೂ ಹೋಗುತ್ತದೆ, ದುಡ್ಡೂ ಹೋಗುತ್ತದೆ. ಇನ್ಸುಲಿನ್ನಿನ 51 ಜಾಗಗಳಲ್ಲಿ ಒಂದೊಂದಕ್ಕೂ ಬೇರೆ 19 ಅಮೈನೋ ಆಮ್ಲಗಳನ್ನು ಇಟ್ಟು ನೋಡುತ್ತೇವೆ ಎಂದರೆ, ಒಂದೇ ಒಂದು ಬದಲಾವಣೆಯ ಲೆಕ್ಕವೇ 969 ಆಯಿತು. ಎರಡೆರಡು ಬದಲಾಯಿಸಿದರೆ ಲಕ್ಷಗಳಿಗೆ ಹೋಗುತ್ತದೆ. ಅದಕ್ಕೇ ಕಂಪ್ಯೂಟರ್ ಬೇಕಾಯಿತು.

*3. ಕಂಪ್ಯೂಟರ್ ಏನು ಮಾಡುತ್ತದೆ?*

ಮುಖ್ಯವಾಗಿ ಮೂರು ದಾರಿ.

ಮೊದಲನೆಯದು *ಜೋಡಿಸಿ ಅಂಕ ಕೊಡುವುದು*. ಇದಕ್ಕೆ ಡಾಕಿಂಗ್ ಎನ್ನುತ್ತಾರೆ. ಎರಡು ಅಣುಗಳ ಆಕಾರವನ್ನು ಸಾವಿರಾರು ಕೋನಗಳಿಂದ ಕೂಡಿಸಿ ನೋಡಿ, ಯಾವುದು ಚೆನ್ನಾಗಿ ಕೂರುತ್ತದೆ ಎಂದು ಅಂಕ ಹಾಕುವುದು. ಬೇಗ ಆಗುತ್ತದೆ, ಲ್ಯಾಪ್‌ಟಾಪಿನಲ್ಲೂ ಆಗುತ್ತದೆ. ಆದರೆ ಒರಟು ಅಂದಾಜು.

ಎರಡನೆಯದು *ಅಲುಗಾಡಿಸಿ ನೋಡುವುದು*. ಪ್ರೋಟೀನುಗಳು ಕಲ್ಲಿನ ಬೊಂಬೆಗಳಲ್ಲ, ನೀರಿನಲ್ಲಿ ಸದಾ ನಡುಗುತ್ತಿರುತ್ತವೆ. ಆದ್ದರಿಂದ ಸುತ್ತಲಿನ ನೀರಿನ ಅಣುಗಳನ್ನೂ ಸೇರಿಸಿ ಪ್ರತಿ ಅಣುವಿನ ಚಲನೆಯನ್ನು ಲೆಕ್ಕ ಹಾಕುತ್ತಾರೆ. ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗವನ್ನು ನೋಡಲು ಸುಮಾರು 50 ಕೋಟಿ ಹೆಜ್ಜೆ ಲೆಕ್ಕ ಬೇಕು. ನಿಜವಾದ ಪ್ರೋಟೀನ್ ಜೋಡಿ ಕೆಲವೊಮ್ಮೆ ಗಂಟೆಗಟ್ಟಲೆ ಅಂಟಿಕೊಂಡಿರುತ್ತದೆ!

ಮೂರನೆಯದು *ಹಳೆಯ ಫಲಿತಾಂಶಗಳಿಂದ ಕಲಿಯುವುದು*. ಪ್ರಯೋಗಾಲಯಗಳಲ್ಲಿ ಈಗಾಗಲೇ ಅಳೆದ ಅಂಕಿಗಳನ್ನು ಕೊಟ್ಟು ಯಂತ್ರಕ್ಕೆ ಕಲಿಸುತ್ತಾರೆ. ನಮ್ಮ ಚೆನ್ನೈ ಓದುಗರಿಗೆ ಹೆಮ್ಮೆಯ ಮಾತು: ಐಐಟಿ ಮದ್ರಾಸಿನ ಪ್ರೊ. ಮೈಕೆಲ್ ಗ್ರೋಮಿಹ ಅವರ ತಂಡ ಇದೇ ವಿಷಯದಲ್ಲಿ ವರ್ಷಗಳಿಂದ ಕೆಲಸ ಮಾಡುತ್ತಿದೆ. ಆದರೆ ಇಲ್ಲಿ ಪಾಠದ ಪುಸ್ತಕ ತೆಳ್ಳಗಿದೆ. ಪ್ರೋಟೀನುಗಳ ಆಕಾರಗಳ ಸಾರ್ವಜನಿಕ ಭಂಡಾರದಲ್ಲಿ 2 ಲಕ್ಷಕ್ಕೂ ಹೆಚ್ಚು ಆಕಾರಗಳಿವೆ. ಬದಲಾವಣೆಯಿಂದ ಹಿಡಿತ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬ ಅಳತೆಗಳ ಪ್ರಸಿದ್ಧ ಸಂಗ್ರಹವೊಂದರಲ್ಲಿ ಇರುವುದು 7,085 ಬದಲಾವಣೆಗಳು ಮಾತ್ರ.

2024ರ ರಸಾಯನಶಾಸ್ತ್ರದ ನೊಬೆಲ್ ಡೇವಿಡ್ ಬೇಕರ್, ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ಬಂದದ್ದು ನೆನಪಿರಬಹುದು. ಹಸಾಬಿಸ್ ಮತ್ತು ಜಂಪರ್ ಅವರ ಆಲ್ಫಾಫೋಲ್ಡ್ ಪ್ರೋಟೀನಿನ *ಆಕಾರವನ್ನು* ಅದ್ಭುತವಾಗಿ ಊಹಿಸುತ್ತದೆ. ಆದರೆ ಆಕಾರ ಬೇರೆ, ಹಿಡಿತದ *ಬಲ* ಬೇರೆ. ಇಬ್ಬರು ಕೈ ಹಿಡಿದಿರುವ ಫೋಟೋ ನೋಡಿ ಎಷ್ಟು ಗಟ್ಟಿಯಾಗಿ ಹಿಡಿದಿದ್ದಾರೆ ಎಂದು ಹೇಳುವುದು ಕಷ್ಟ ಅಲ್ಲವೇ? ಹಾಗೆ.

*4. ಯಾಕೆ ಇಷ್ಟು ಕಷ್ಟ?*

ಒಂದು ಲಾರಿಯನ್ನು ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಗಿ. ಡ್ರೈವರ್ ಜೇಬಿನ ಪರ್ಸನ್ನು ಹೊರಗೆ ತೆಗೆದು ಇನ್ನೊಮ್ಮೆ ತೂಗಿ. ವ್ಯತ್ಯಾಸದಿಂದ ಪರ್ಸಿನ ತೂಕ ಹೇಳಿ ಅಂದರೆ? ಲಾರಿಯ ತೂಕದಲ್ಲಿ ಸಣ್ಣ ತಪ್ಪಾದರೂ ಪರ್ಸಿನ ಲೆಕ್ಕ ಪೂರಾ ಹಾಳು.

ಪ್ರೋಟೀನುಗಳ ಹಿಡಿತವೂ ಹೀಗೆ ಎರಡು ದೊಡ್ಡ ಲೆಕ್ಕಗಳ ನಡುವಿನ ಸಣ್ಣ ವ್ಯತ್ಯಾಸ. ಒಂದು ಕಡೆ ಪ್ರೋಟೀನುಗಳು ಪರಸ್ಪರ ಸೇರಿದಾಗ ಸಿಗುವ ಲಾಭ, ಇನ್ನೊಂದು ಕಡೆ ಸುತ್ತಲಿನ ನೀರನ್ನು ಬಿಟ್ಟುಕೊಟ್ಟದ್ದರ, ಅಲುಗಾಡುವ ಸ್ವಾತಂತ್ರ್ಯ ಕಳೆದುಕೊಂಡದ್ದರ ನಷ್ಟ. ಈ ಲೆಕ್ಕದಲ್ಲಿ ಪ್ರತಿ ಮೋಲಿಗೆ ಸುಮಾರು 1.4 ಕಿಲೋಕ್ಯಾಲೊರಿ ತಪ್ಪಾದರೆ ಉತ್ತರ *ಹತ್ತು ಪಟ್ಟು* ತಪ್ಪುತ್ತದೆ. ಅದರ ಎರಡರಷ್ಟು ತಪ್ಪಾದರೆ ನೂರು ಪಟ್ಟು.

ಕೊರೊನಾ ಕಾಲದ ಉದಾಹರಣೆ ನೋಡಿ. 2020ರ ಜನವರಿಯಲ್ಲಿ, ವೈರಸ್ಸಿನ ಜೀನ್ ಕ್ರಮ ಸಿಕ್ಕ ಕೆಲವೇ ದಿನಗಳಲ್ಲಿ, ಚೀನಾದ ಸಂಶೋಧಕರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ವೈರಸ್ಸಿನ ಮುಳ್ಳಿನ ಪ್ರೋಟೀನ್ ನಮ್ಮ ಜೀವಕೋಶದ ಎಸಿಇ-2 ಪ್ರೋಟೀನಿಗೆ ಅಂಟುತ್ತದೆ, ಮನುಷ್ಯರಿಗೆ ಹರಡುವ ಅಪಾಯ ಇದೆ ಎಂದು ಎಚ್ಚರಿಸಿದರು. ಅದು ಸರಿಯಾಗಿತ್ತು. ಆದರೆ ಈ ಹಿಡಿತ ಹಳೆಯ ಸಾರ್ಸ್ ವೈರಸ್ಸಿಗಿಂತ *ಸಡಿಲ* ಎಂದೂ ಲೆಕ್ಕ ಹೇಳಿತ್ತು. ಕೆಲವೇ ವಾರಗಳಲ್ಲಿ ಅಮೆರಿಕದ ಟೆಕ್ಸಾಸಿನ ಪ್ರಯೋಗಾಲಯ ಅಳೆದು ನೋಡಿದಾಗ 10ರಿಂದ 20 ಪಟ್ಟು *ಬಿಗಿ* ಎಂದು ಬಂತು. ಸಿಯಾಟಲ್‌ನ ಇನ್ನೊಂದು ತಂಡ ಬೇರೆ ರೀತಿಯಲ್ಲಿ ಅಳೆದಾಗ ಸುಮಾರು 4 ಪಟ್ಟು ಬಿಗಿ ಎಂದು ಬಂತು.

ಪಾಠ ಏನು? "ಅಂಟುತ್ತದೆಯೇ, ಎಲ್ಲಿ ಅಂಟುತ್ತದೆ" ಎಂಬುದಕ್ಕೆ ಕಂಪ್ಯೂಟರ್ ಬಹಳ ಸಲ ಒಳ್ಳೆಯ ಉತ್ತರ ಕೊಡುತ್ತದೆ. "ಎಷ್ಟು ಬಿಗಿ" ಎಂಬುದಕ್ಕೆ ಎಡವುತ್ತದೆ. ಅಳತೆ ಮಾಡುವ ಪ್ರಯೋಗಾಲಯಗಳ ನಡುವೆಯೇ ಅಂಕಿ ಬದಲಾಗುವಾಗ ಒಂದೇ ಅಂಕಿಯನ್ನು ದೇವರ ವಾಕ್ಯ ಅಂದುಕೊಳ್ಳಬಾರದು.

ಹಾಗಂತ ಈ ಲೆಕ್ಕ ವ್ಯರ್ಥವಲ್ಲ. ಸಾವಿರಾರು ಸಾಧ್ಯತೆಗಳಿಂದ ಪರೀಕ್ಷಿಸಬೇಕಾದ ಕೆಲವನ್ನು ಆರಿಸಿಕೊಡುವುದು ದೊಡ್ಡ ಉಪಕಾರ. ಬೇಕರ್ ಅವರ ತಂಡ ಕಂಪ್ಯೂಟರಿನಲ್ಲೇ ಹೊಸ ಪ್ರೋಟೀನುಗಳನ್ನು ರಚಿಸಿ, ಕೊರೊನಾ ಮುಳ್ಳಿಗೆ ತುಂಬಾ ಬಿಗಿಯಾಗಿ ಅಂಟುವಂತೆ 2020ರಲ್ಲೇ ಮಾಡಿ ತೋರಿಸಿತು. ಆದರೆ ಅಂಥ ಕೆಲಸದಲ್ಲಿ ಸಾವಿರಾರು ವಿನ್ಯಾಸಗಳನ್ನು ನಿಜವಾಗಿ ತಯಾರಿಸಿ ಪರೀಕ್ಷಿಸಿ, ಹೆಚ್ಚಿನವನ್ನು ಬಿಸಾಡಿ, ಉಳಿದವನ್ನು ತಿದ್ದಬೇಕಾಯಿತು. ಕಂಪ್ಯೂಟರ್ ದಾರಿ ತೋರಿಸಿತು, ಪ್ರಯೋಗಾಲಯ ತೀರ್ಪು ಕೊಟ್ಟಿತು.

*5. ಬಿಗಿ ಆದಷ್ಟೂ ಒಳ್ಳೆಯದೇ?*

ಎಲ್ಲರೂ ಹಾಗೆಂದುಕೊಳ್ಳುತ್ತಾರೆ. ಆದರೆ ಇನ್ಸುಲಿನ್ ಇತಿಹಾಸದಲ್ಲೇ ಇದಕ್ಕೆ ಉತ್ತರವಿದೆ.

ಬೇಗ ಕೆಲಸ ಮಾಡುವ ಇನ್ಸುಲಿನ್ ಹುಡುಕುವಾಗ, ಎರಡನೇ ಸರಪಳಿಯ 10ನೇ ಜಾಗದಲ್ಲಿ ಒಂದು ಬದಲಾವಣೆ ಮಾಡಿದ ಬಗೆಯೊಂದಿತ್ತು. ಎಕ್ಸ್-10 ಎಂದು ಅದರ ಹೆಸರು. ಅದು ರಿಸೆಪ್ಟರಿಗೆ ಸಾಮಾನ್ಯ ಇನ್ಸುಲಿನ್ನಿಗಿಂತ ಬಿಗಿಯಾಗಿ ಅಂಟುತ್ತಿತ್ತು, ಹೆಚ್ಚು ಹೊತ್ತು ಬಿಡದೆ ಇರುತ್ತಿತ್ತು. ಕಾಗದದ ಮೇಲೆ ಎಷ್ಟು ಚಂದ! ಆದರೆ ಹೆಣ್ಣು ಇಲಿಗಳಿಗೆ ಕೊಟ್ಟು ನೋಡಿದಾಗ ಸ್ತನದಲ್ಲಿ ಗಡ್ಡೆಗಳು ಬಂದವು. ಆ ಔಷಧಿಯನ್ನು ಅಲ್ಲಿಗೇ ನಿಲ್ಲಿಸಿದರು. ಈಗ ಮಾರುಕಟ್ಟೆಯಲ್ಲಿರುವ ಇನ್ಸುಲಿನ್‌ಗಳಿಗೂ ಅದಕ್ಕೂ ಸಂಬಂಧವಿಲ್ಲ, ಯಾರೂ ಹೆದರಬೇಕಿಲ್ಲ. ಆದರೆ ಮಾತು ನೆನಪಿರಲಿ: ಇನ್ಸುಲಿನ್ ಬಂದು ತಟ್ಟಿ, ಕೆಲಸ ಹೇಳಿ, ಬಿಟ್ಟು ಹೋಗಬೇಕು. ಬಾಗಿಲು ಬಡಿಯುತ್ತಲೇ ಇದ್ದರೆ ಬೇರೆ ತೊಂದರೆ.

ಹಿಡಿತ ಶಾಶ್ವತವೂ ಅಲ್ಲ. 2021ರಲ್ಲಿ ಎರಡನೇ ಅಲೆಯ ಸಮಯದಲ್ಲಿ ಬಂದ ಕೊರೊನಾ ಆಂಟಿಬಾಡಿ ಕಾಕ್‌ಟೇಲ್ ಒಬ್ಬರಿಗೆ ಸುಮಾರು 59,750 ರೂಪಾಯಿ ಇತ್ತು. ಆ ಆಂಟಿಬಾಡಿಗಳು ವೈರಸ್ಸಿನ ಮುಳ್ಳನ್ನು ಬಿಗಿಯಾಗಿ ಹಿಡಿಯುತ್ತಿದ್ದವು. ಒಮಿಕ್ರಾನ್ ಬಂದು ಮುಳ್ಳಿನ ರೂಪ ಬದಲಾದಾಗ ಹಿಡಿತ ತಪ್ಪಿತು. 2022ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅದರ ಬಳಕೆಗೆ ಕಡಿವಾಣ ಹಾಕಿದರು.

*6. ಈಗ ಆ ಫಾರ್ವರ್ಡ್ ಸಂದೇಶಕ್ಕೆ ಬರೋಣ*

"ಡಾಕಿಂಗ್ ಸ್ಕೋರ್ ಮೈನಸ್ ಇಷ್ಟು, ಆದ್ದರಿಂದ ಈ ಎಲೆಯಿಂದ ಶುಗರ್ ವಾಸಿ" ಎಂಬ ಸಂದೇಶ ಬಂದರೆ ಹೀಗೆ ಯೋಚಿಸಿ.

ಇನ್ಸುಲಿನ್ ರಿಸೆಪ್ಟರಿಗೆಂದೇ ನಮ್ಮ ದೇಹ ತಯಾರಿಸಿದ ವಸ್ತು ಇನ್ಸುಲಿನ್. ಆದರೂ ಅದನ್ನು ಲೋಟದಲ್ಲಿ ಹಾಕಿ ಕುಡಿದರೆ ಏನೂ ಉಪಯೋಗವಿಲ್ಲ. ಹೊಟ್ಟೆಯಲ್ಲಿ ಬೇಳೆಯ ಪ್ರೋಟೀನಿನಂತೆಯೇ ಜೀರ್ಣವಾಗಿಬಿಡುತ್ತದೆ. ಅಂದರೆ *ಅಂಟುವುದು ಒಂದು ಮೆಟ್ಟಿಲು ಮಾತ್ರ.* ಜೀರ್ಣವಾಗದೆ ಉಳಿಯಬೇಕು, ರಕ್ತಕ್ಕೆ ಸೇರಬೇಕು, ಸಾಕಷ್ಟು ಪ್ರಮಾಣದಲ್ಲಿ ಇರಬೇಕು, ಅಂಟಿದ ಮೇಲೆ ಸರಿಯಾದ ಕೆಲಸ ಮಾಡಿಸಬೇಕು, ಬೇರೆ ಕಡೆ ಹಾನಿ ಮಾಡಬಾರದು. ಇವು ಯಾವುದನ್ನೂ ಡಾಕಿಂಗ್ ಅಂಕಿ ಹೇಳುವುದಿಲ್ಲ. ಯಾವ ವಸ್ತುವನ್ನು ಹಾಕಿದರೂ ಆ ಪ್ರೋಗ್ರಾಂ ಒಂದು ಅಂಕಿಯನ್ನು ಕೊಟ್ಟೇ ಕೊಡುತ್ತದೆ.

ಗಿಡಮೂಲಿಕೆಯಿಂದ ಔಷಧಿ ಬರುವುದೇ ಇಲ್ಲ ಎಂದಲ್ಲ. ಇಂದು ಕೋಟ್ಯಂತರ ಜನ ನುಂಗುವ ಮೆಟ್‌ಫಾರ್ಮಿನ್ನಿನ ಮೂಲ ಎಳೆ ಯುರೋಪಿನ ಗ್ಯಾಲೆಗಾ ಎಂಬ ಗಿಡದಲ್ಲಿದೆ. 1922ರಲ್ಲಿ ಪ್ರಯೋಗಾಲಯದಲ್ಲಿ ತಯಾರಾದ ಅದು ಮಧುಮೇಹಕ್ಕೆ ಬಳಕೆಗೆ ಬಂದದ್ದು 1957ರಲ್ಲಿ, ಮನುಷ್ಯರ ಮೇಲೆ ಪರೀಕ್ಷೆ ನಡೆದ ಮೇಲೆ.

ಸಂದೇಶ ಬಂದಾಗ ಮೂರೇ ಪ್ರಶ್ನೆ ಕೇಳಿ:

👉 ಇದು ಕಂಪ್ಯೂಟರ್ ಲೆಕ್ಕವೋ, ಪ್ರಯೋಗಾಲಯದ ಅಳತೆಯೋ, ಪ್ರಾಣಿಗಳ ಮೇಲಿನ ಪರೀಕ್ಷೆಯೋ, ಮನುಷ್ಯರ ಮೇಲಿನ ಪರೀಕ್ಷೆಯೋ?
👉 ಎಷ್ಟು ಪ್ರಮಾಣ ಬೇಕು, ಅಷ್ಟು ರಕ್ತಕ್ಕೆ ಸೇರುತ್ತದೆಯೇ?
👉 ಯಾರಿಗೆ ಕೊಟ್ಟು, ಎಷ್ಟು ಕಾಲ ನೋಡಿದ್ದಾರೆ, ತೊಂದರೆ ಏನಾಯಿತು?

ಮೊದಲ ಪ್ರಶ್ನೆಗೇ ಹೆಚ್ಚಿನ ಸಂದೇಶಗಳು ಸುಮ್ಮನಾಗುತ್ತವೆ.

*7. ಮನೆಯಲ್ಲಿ ನೆನಪಿಡಬೇಕಾದದ್ದು*

✅ ಇನ್ಸುಲಿನ್ನನ್ನು ಯಾವ ಸಂದೇಶ ನೋಡಿಯೂ ನಿಲ್ಲಿಸಬೇಡಿ, ಕಡಿಮೆ ಮಾಡಬೇಡಿ. ಟೈಪ್-1 ಮಧುಮೇಹದ ಮಕ್ಕಳಿಗಂತೂ ಒಂದೆರಡು ದಿನದಲ್ಲೇ ಪ್ರಾಣಾಪಾಯ. ವಾಂತಿ, ಹೊಟ್ಟೆನೋವು, ಜೋರಾದ ಆಳ ಉಸಿರು, ಬಾಯಲ್ಲಿ ಹಣ್ಣಿನಂಥ ವಾಸನೆ, ಮಂಪರು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ.

✅ ಅಂಗಡಿಯವರು ಬೇರೆ ಹೆಸರಿನ ಇನ್ಸುಲಿನ್ ಕೊಟ್ಟರೆ ಡಾಕ್ಟರನ್ನು ಕೇಳದೆ ಬದಲಾಯಿಸಬೇಡಿ. ಅರ್ಧ ಗಂಟೆ ಮೊದಲಿನದೋ, ಊಟದ ಹೊತ್ತಿನದೋ ಎಂಬುದು ಹಿಡಿತದ ವಿಷಯ. ಬೇಗ ಕೆಲಸ ಮಾಡುವುದನ್ನು ತೆಗೆದುಕೊಂಡು ಊಟ ತಡ ಮಾಡಿದರೆ ಶುಗರ್ ಕುಸಿಯುತ್ತದೆ.

✅ ಗ್ಲಾರ್ಜಿನ್ನನ್ನು ಬೇರೆ ಇನ್ಸುಲಿನ್ ಜೊತೆ ಒಂದೇ ಸಿರಿಂಜಿನಲ್ಲಿ ಸೇರಿಸಬೇಡಿ. ಆಮ್ಲೀಯತೆ ಬದಲಾಗಿ ಸಿರಿಂಜಿನಲ್ಲೇ ಗಸಿಗಟ್ಟಬಹುದು.

✅ ಬಿಸಿಲಿನಲ್ಲಿ ಇನ್ಸುಲಿನ್ ಅಣುಗಳು ಅಂಟಬಾರದ ರೀತಿಯಲ್ಲಿ ಅಂಟಿ ಎಳೆಗಟ್ಟುತ್ತವೆ, ಆ ಮೇಲೆ ಬಿಡಿಸಿಕೊಳ್ಳುವುದೇ ಇಲ್ಲ. ದೆಹಲಿ, ಹೈದರಾಬಾದಿನ ಬೇಸಿಗೆಯಲ್ಲಿ, ರಜೆಗೆ ಊರಿಗೆ ಹೋಗುವ ರೈಲಿನಲ್ಲಿ ತಂಪಿನ ಚೀಲದಲ್ಲಿ ಇಡಿ. ಮಂಜುಗಡ್ಡೆಗೆ ನೇರವಾಗಿ ತಾಗಿಸಬೇಡಿ, ಫ್ರೀಜರಿನಲ್ಲಿ ಇಡಬೇಡಿ. ತಿಳಿಯಾಗಿರಬೇಕಾದ ಇನ್ಸುಲಿನ್ ಮಬ್ಬಾಗಿದ್ದರೆ, ಎಳೆ ಕಂಡರೆ ಬಳಸಬೇಡಿ.

ಕಂಪ್ಯೂಟರ್ ಲೆಕ್ಕ ಮುಂದೆ ಇನ್ನೂ ಚುರುಕಾಗುತ್ತದೆ, ನಮ್ಮ ಮಕ್ಕಳ ಕಾಲಕ್ಕೆ ಇದಕ್ಕಿಂತ ಒಳ್ಳೆಯ ಇನ್ಸುಲಿನ್ ಬರಲೂಬಹುದು. ಬರುವ ದಿನ ಅದು ಡಾಕ್ಟರ ಚೀಟಿಯ ಮೂಲಕ ಬರುತ್ತದೆ, ಫಾರ್ವರ್ಡ್ ಮೂಲಕ ಅಲ್ಲ. ಅಲ್ಲಿಯವರೆಗೆ ಈಗಿರುವುದನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ.

ನಿಮ್ಮ ಪರಿಚಯದಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು ಇದ್ದರೆ, ಮುಖ್ಯವಾಗಿ ದೂರದ ಊರಿನಲ್ಲಿ ಒಂಟಿಯಾಗಿರುವ ಹಿರಿಯರಿದ್ದರೆ, ಇದನ್ನು ಅವರಿಗೆ ಕಳುಹಿಸಿ. ಓದಲು ಕಷ್ಟವಾದರೆ ಫೋನು ಮಾಡಿ 7ನೇ ಭಾಗವನ್ನಾದರೂ ಓದಿ ಹೇಳಿ. 🙏